ಚರ್ಚಿಗೆ ಬೀಗ ಹಾಕಿ ಬಯಲಿಗೆ ಹೋದ ಸಭೆ: ಈಮ್ ಹಳ್ಳಿಯ ಪ್ರವಾಸ

ಇಂಗ್ಲೆಂಡಿನ ಶೆಫೀಲ್ಡ್‌ನಿಂದ ಬಸ್ಸು ಹಿಡಿದರೆ ಪೀಕ್ ಡಿಸ್ಟ್ರಿಕ್ಟ್ ಗುಡ್ಡಗಳ ನಡುವೆ ಈಮ್ ಅನ್ನೋ ಹಳ್ಳಿ ಸಿಗುತ್ತದೆ. ಡರ್ಬಿಶೈರ್‌ಗೆ ಸೇರಿದ ಊರು. ಕಲ್ಲಿನ ಮನೆಗಳು, ಒಂದೇ ದೊಡ್ಡ ಬೀದಿ, ಅದರ ಪಕ್ಕದಲ್ಲೇ ಸೇಂಟ್ ಲಾರೆನ್ಸ್ ಚರ್ಚು. ನಾನು ಹೋಗಿದ್ದೇ ಈ ಚರ್ಚು ನೋಡಲಿಕ್ಕೆ, ಅದಕ್ಕಿಂತ ಜಾಸ್ತಿ ಅದರ ಸಭೆಯವರು, ಅಂದರೆ ಅಲ್ಲಿ ಆರಾಧನೆಗೆ ಸೇರುತ್ತಿದ್ದ ಜನ, 1666ರಲ್ಲಿ ಏನು ಮಾಡಿದರು ಅನ್ನೋದನ್ನ ಆ ಜಾಗದಲ್ಲೇ ನಿಂತು ತಿಳಿಯಲಿಕ್ಕೆ.

ಅಂಗಳಕ್ಕೆ ಕಾಲಿಟ್ಟ ಕೂಡಲೇ ಒಂದು ಎತ್ತರದ ಕಲ್ಲಿನ ಶಿಲುಬೆ ಕಾಣುತ್ತದೆ. ಸುಮಾರು 8ನೇ ಶತಮಾನದ್ದು, ಅಂದರೆ ಈಗಿನ ಚರ್ಚಿಗಿಂತ ಹಳೆಯದು. ಕಂಬದ ಒಂದು ತುಂಡು ಎಲ್ಲೋ ಹೋಗಿದೆ, ಆದರೂ ಬಳ್ಳಿಯ ಕೆತ್ತನೆ ಚೆನ್ನಾಗಿ ಉಳಿದಿದೆ. ಗೋಡೆಯ ಮೇಲೆ 1775ರ ಸೂರ್ಯಗಡಿಯಾರ ಇದೆ. ಹ್ಯಾರಿ ಬ್ಯಾಗ್‌ಶಾ ಅನ್ನೋ ಡರ್ಬಿಶೈರ್ ಕ್ರಿಕೆಟಿಗನ ಸಮಾಧಿಯೂ ಇಲ್ಲೇ ಇದೆ, 1927ರಲ್ಲಿ ತೀರಿಕೊಂಡವರು. ಕಲ್ಲಿನ ಮೇಲೆ ಚೆಂಡು ಬಡಿದು ಬೀಳುತ್ತಿರುವ ವಿಕೆಟ್ಟು, ಮೇಲೆ ಔಟ್ ಅಂತ ಬೆರಳೆತ್ತಿದ ಅಂಪೈರ್ ಕೈ. ಕ್ರಿಕೆಟ್ ಪ್ರೀತಿಸುವ ನಮ್ಮೂರಿನವರು ಯಾರೇ ಹೋದರೂ ಅದನ್ನ ತಪ್ಪದೆ ನೋಡಬೇಕು.

ಇನ್ನು ಮುಖ್ಯ ವಿಷಯ. 1665ರಲ್ಲಿ ಲಂಡನ್ನಿನಲ್ಲಿ ಪ್ಲೇಗು ಜೋರಾಗಿತ್ತು. ಅಲ್ಲಿಂದ ಈಮ್‌ನ ದರ್ಜಿಯೊಬ್ಬನಿಗೆ ಬಟ್ಟೆಯ ಗಂಟು ಬಂತು, ಅದರಲ್ಲಿ ರೋಗ ಹರಡುವ ಚಿಗಟಗಳಿದ್ದವು ಅಂತ ಊರಿನವರು ಇಂದಿಗೂ ಹೇಳುತ್ತಾರೆ. ಒದ್ದೆಯಾಗಿದ್ದ ಬಟ್ಟೆಯನ್ನ ಬೆಂಕಿಯ ಮುಂದೆ ಒಣಗಲು ಹಾಕಿದ ಸಹಾಯಕ ಜಾರ್ಜ್ ವಿಕರ್ಸ್ ಮೊದಲು ಸತ್ತ. ಸೆಪ್ಟೆಂಬರ್ 7ರಂದು ಅವನ ಮಣ್ಣಾಯಿತು. ಚಳಿಗಾಲದಲ್ಲಿ ರೋಗ ಸ್ವಲ್ಪ ಇಳಿಯಿತು, ಮುಂದಿನ ಬೇಸಿಗೆಯಲ್ಲಿ ಮತ್ತೆ ಎದ್ದಿತು.

ಆಗ ಊರಿನಲ್ಲಿ ಇಬ್ಬರು ಪಾದ್ರಿಗಳಿದ್ದರು. ಒಬ್ಬರು ವಿಲಿಯಂ ಮಾಂಪೆಸನ್, 1664ರಲ್ಲಿ ಬಂದ ಎಳೆಯ ವಯಸ್ಸಿನವರು, ಊರಿಗೆ ಹೊಸಬರು. ಇನ್ನೊಬ್ಬರು ಥಾಮಸ್ ಸ್ಟಾನ್ಲಿ, ಅದೇ ಚರ್ಚಿನ ಹಳೆಯ ಪಾದ್ರಿ. ಎಲ್ಲರೂ ಇಂಗ್ಲೆಂಡಿನ ಚರ್ಚಿನ ಪ್ರಾರ್ಥನಾ ಪುಸ್ತಕವನ್ನೇ ಬಳಸಬೇಕು ಅನ್ನೋ 1662ರ ಕಾನೂನಿಗೆ ಒಪ್ಪದೆ ಕೆಲಸ ಕಳೆದುಕೊಂಡವರು. ಇಂಥ ಪಾದ್ರಿಗಳು ಸರ್ಕಾರ ಕೇಳಿದ ಪ್ರಮಾಣ ಮಾಡದಿದ್ದರೆ ತಮ್ಮ ಹಳೆಯ ಸಭೆಯ 5 ಮೈಲಿ ಒಳಗೆ ಇರಬಾರದು ಅಂತ 1665ರಲ್ಲಿ ಇನ್ನೊಂದು ಕಾನೂನೂ ಬಂತು. ಸ್ಟಾನ್ಲಿ ಮಾತ್ರ ಈಮ್‌ನಲ್ಲೇ ಇದ್ದರು, ಜನರಿಗೆ ಅವರ ಮೇಲೆಯೇ ನಂಬಿಕೆ ಜಾಸ್ತಿ.

1666ರ ಜೂನ್‌ನಲ್ಲಿ ಈ ಇಬ್ಬರೂ ಸೇರಿ ಸಭೆಯ ಮುಂದೆ ಮೂರು ಮಾತು ಇಟ್ಟರು. ಸತ್ತವರನ್ನ ಚರ್ಚಿನ ಅಂಗಳಕ್ಕೆ ತರಬೇಡಿ, ಮನೆಯವರೇ ತಮ್ಮ ಹಿತ್ತಲಲ್ಲೋ ಹೊಲದಲ್ಲೋ ಮಣ್ಣು ಮಾಡಿ. ಚರ್ಚಿಗೆ ಬೀಗ ಹಾಕೋಣ, ಆರಾಧನೆ ಬಯಲಲ್ಲಿ ನಡೆಯಲಿ. ಮತ್ತು ಯಾರೂ ಊರು ಬಿಟ್ಟು ಹೋಗೋದು ಬೇಡ, ರೋಗ ಸುತ್ತಲಿನ ಹಳ್ಳಿಗಳಿಗೆ ಹರಡಬಾರದು. ಜನ ಒಪ್ಪಿದರು. ಒಬ್ಬೊಬ್ಬರೇ ಹೇಳಿದ್ದರೆ ಒಪ್ಪುತ್ತಿದ್ದರಾ? ನನಗೆ ಹಾಗನಿಸುವುದಿಲ್ಲ. ಎಲ್ಲರೂ ಮಾಂಪೆಸನ್ ಹೆಸರು ಹೇಳುತ್ತಾರೆ, ನನ್ನ ಪ್ರಕಾರ ಸ್ಟಾನ್ಲಿ ಪಕ್ಕದಲ್ಲಿ ನಿಲ್ಲದಿದ್ದರೆ ಆ ಮಾತು ನಡೆಯುತ್ತಿರಲಿಲ್ಲ.

ಆರಾಧನೆ ನಡೆದ ಕಕ್‌ಲೆಟ್ ಡೆಲ್ಫ್ ಊರಿನ ಅಂಚಿನಲ್ಲಿರುವ ಹುಲ್ಲಿನ ಕಣಿವೆ. ಮನೆಮನೆಯವರು ಬೇರೆ ಬೇರೆಯಾಗಿ, ದೂರ ದೂರ ನಿಂತು ಪಾದ್ರಿಯ ಉಪದೇಶ ಕೇಳಿದರು. ಇದನ್ನೆಲ್ಲ ಕೇಳುವಾಗ ನಮ್ಮ ಕಡೆಯ ಪ್ಲೇಗಿನ ಕಾಲ ನೆನಪಾಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ಮೇಲೆ ಹಳೇ ಮೈಸೂರು ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಜನ ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಪ್ಲೇಗ್ ಮಾರಮ್ಮನ ಗುಡಿಗಳು ಈಗಲೂ ಇವೆ, ಅಲ್ವಾ? ಈಮ್‌ನವರು ಮನೆ ಬಿಡಲಿಲ್ಲ, ಬಿಟ್ಟದ್ದು ಚರ್ಚಿನ ಕಟ್ಟಡವನ್ನ.

ಅಲ್ಲಿಂದ ಸ್ಟೋನಿ ಮಿಡಲ್‌ಟನ್ ಕಡೆಗೆ ನಡೆದರೆ ಗಡಿಕಲ್ಲು ಸಿಗುತ್ತದೆ. ಅದರಲ್ಲಿ ಆರು ಕುಳಿಗಳಿವೆ. ನಾಣ್ಯದಿಂದ ರೋಗ ಅಂಟದಿರಲಿ ಅಂತ ಅವುಗಳಲ್ಲಿ ವಿನಿಗರ್ ತುಂಬಿ ನಾಣ್ಯ ಹಾಕಿಟ್ಟರೆ ಆಚೆ ಊರಿನವರು ಆಹಾರ ಇಟ್ಟು ದುಡ್ಡು ತೆಗೆದುಕೊಂಡು ಹೋಗುತ್ತಿದ್ದರು. ಚಾಟ್ಸ್‌ವರ್ತ್ ಅರಮನೆಯ ಡೆವನ್‌ಶೈರ್ ಅರ್ಲ್ (ಅರ್ಲ್ ಅಂದರೆ ಇಂಗ್ಲೆಂಡಿನ ಕುಲೀನರ ಒಂದು ಪದವಿ) ಕೂಡ ಸಾಮಾನು ಕಳಿಸಿದರು. ಕುಳಿಯಲ್ಲಿ ಬೆರಳಿಟ್ಟು ನೋಡಿದೆ, ಅಂಚು ಸವೆದು ನುಣುಪಾಗಿದೆ.

ಊರಿನಿಂದ ಸ್ವಲ್ಪ ಮೇಲೆ ರೈಲಿ ಅನ್ನೋ ಜಾಗದ ಸಮಾಧಿಗಳು. ನನಗೆ ತುಂಬಾ ಕಷ್ಟವಾದದ್ದು ಇಲ್ಲಿ. ಎಲಿಜಬೆತ್ ಹ್ಯಾಂಕಾಕ್ ಎಂಬ ತಾಯಿ ಆಗಸ್ಟ್ ತಿಂಗಳ ಎಂಟು ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕಳೆದುಕೊಂಡಳು. ನೆರವಿಗೆ ಯಾರೂ ಬರುವ ಹಾಗಿರಲಿಲ್ಲ. ಒಬ್ಬಳೇ ಗುಂಡಿ ತೋಡಿ, ಹೆಣ ಎಳೆದು ತಂದು ಮುಚ್ಚಿದಳು. ಗುಡ್ಡದ ಮೇಲೆ ಚಿಕ್ಕ ಕಲ್ಲಿನ ಗೋಡೆ, ಒಳಗೆ ಆ ಕಲ್ಲುಗಳು. ಅಲ್ಲಿ ಫೋಟೋ ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಮಾಂಪೆಸನ್ ಮಕ್ಕಳನ್ನ ಮೊದಲೇ ಯಾರ್ಕ್‌ಶೈರ್‌ಗೆ ಕಳಿಸಿದ್ದರು. ಹೆಂಡತಿ ಕ್ಯಾಥರಿನ್ ಮಾತ್ರ ಜೊತೆಗೇ ಉಳಿದರು, 1666ರ ಆಗಸ್ಟ್ ಕೊನೆಯಲ್ಲಿ ಪ್ಲೇಗಿಗೇ ಬಲಿಯಾದರು. ಅಂಗಳಕ್ಕೆ ತರಬೇಡಿ ಅನ್ನೋ ಮಾತಿದ್ದರೂ ಅವರ ಸಮಾಧಿ ಚರ್ಚಿನ ಅಂಗಳದಲ್ಲೇ ಇದೆ. ನವೆಂಬರ್‌ನಲ್ಲಿ ರೋಗ ನಿಂತಾಗ, 76 ಮನೆಗಳಿಗೆ ಪ್ಲೇಗು ತಾಗಿತು, 259 ಜನ ಸತ್ತರು ಅಂತ ಮಾಂಪೆಸನ್ ಕಾಗದ ಬರೆದರು. ಮುಂದೆ ಅವರು ನಾಟಿಂಗ್‌ಹ್ಯಾಮ್‌ಶೈರ್‌ನ ಈಕ್ರಿಂಗ್ ಎಂಬ ಊರಿಗೆ ಹೋದರು. ಅಲ್ಲಿಯವರು ರೋಗಕ್ಕೆ ಹೆದರಿ ಮೊದಮೊದಲು ಅವರನ್ನ ಊರೊಳಗೆ ಬಿಡಲಿಲ್ಲವಂತೆ.

ಚರ್ಚಿನ ಒಳಗೆ ಮಾಂಪೆಸನ್ ಕುರ್ಚಿ ಇದೆ, ಪ್ಲೇಗಿನ ಕಥೆ ಹೇಳುವ ಬಣ್ಣದ ಗಾಜಿನ ಕಿಟಕಿ ಇದೆ, ಅದು 1985ರದ್ದು. ಸುಮ್ನೆ ನೋಡಿಕೊಂಡು ಹೋಗುವ ಸ್ಮಾರಕ ಅಲ್ಲ ಇದು, ಆರಾಧನೆ ಈಗಲೂ ನಡೆಯುತ್ತದೆ. ಪ್ರತಿ ವರ್ಷ ಆಗಸ್ಟ್ ಕೊನೆಯ ಭಾನುವಾರವನ್ನ ಪ್ಲೇಗ್ ಭಾನುವಾರ ಅಂತ ಆಚರಿಸುತ್ತಾರೆ. ಅದೇ ಹೊತ್ತಿಗೆ ಊರಿನ ಬಾವಿಗಳಿಗೆ ಹೂವಿನ ಎಸಳಿನ ಚಿತ್ರಗಳಿಂದ ಅಲಂಕಾರವನ್ನೂ ಮಾಡುತ್ತಾರೆ. ಹೋಗುವವರು ಆಗಲೇ ಹೋಗಿ.

ಪ್ಲೇಗು ಮುಗಿದ ಮೇಲೆ ಸ್ಟಾನ್ಲಿಯನ್ನ ಊರಿಂದ ಓಡಿಸಿ ಅಂತ ಕೆಲವರು ಅರ್ಲ್ ಬಳಿ ದೂರು ಹೇಳಿದರು, ಕಾನೂನಿನ ಪ್ರಕಾರ ಅವರು ಅಲ್ಲಿ ಇರುವಂತಿರಲಿಲ್ಲವಲ್ಲ. ಅರ್ಲ್ ಒಪ್ಪಲಿಲ್ಲ, ಇಡೀ ಸೀಮೆಯೇ ಆ ಮನುಷ್ಯನಿಗೆ ಕೃತಜ್ಞವಾಗಿರಬೇಕು ಅಂದರಂತೆ. ಸ್ಟಾನ್ಲಿ 1670ರಲ್ಲಿ ತೀರಿಕೊಂಡರು, ಈಮ್‌ನಲ್ಲೇ.