ಪಾಗಾರಕ್ಕೆ ಸಿಮೆಂಟ್ ಯಾಕೆ?

11 ಮೇ 2025, ಭಾನುವಾರ
ತೀರ್ಥಹಳ್ಳಿ ಹತ್ತಿರ

ತೋಟದ ಮೇಲ್ಬದಿಯ ಕಲ್ಲು ಪಾಗಾರ, ಅಂದರೆ ಆವರಣದ ಗೋಡೆ, ಹೋದ ಮಳೆಗಾಲದಲ್ಲೇ ಹೊಟ್ಟೆ ಬಿಟ್ಟಿತ್ತು. ಮೊನ್ನೆ ಕಾಡುಹಂದಿ ನುಗ್ಗಿ ಅಷ್ಟುದ್ದ ಕೆಡವಿಯೇ ಹಾಕಿದವು. ಮಳೆ ಹಿಡಿಯುವ ಮೊದಲು ಆಗಬೇಕು ಅಂತ ಪಕ್ಕದೂರಿನ ಅಜ್ಜನನ್ನು ಕರೆಸಿದೆ. ಸಿಮೆಂಟ್ ಮೇಸ್ತ್ರಿಗಳು ಬೇಕಾದಷ್ಟು ಸಿಗುತ್ತಾರೆ. ಬರೀ ಕಲ್ಲಲ್ಲಿ ಕಟ್ಟುವವರು ಈಗ ಎಲ್ಲಿದ್ದಾರೆ?

ಅಜ್ಜ ಬಂದವರೇ ಇನ್ನಷ್ಟು ಕೆಡವಿದರು. ಹೊಟ್ಟೆ ಬಿಟ್ಟಿದ್ದನ್ನೆಲ್ಲ ಬುಡದ ತನಕ ಬಿಚ್ಚಬೇಕಂತೆ. ದೊಡ್ಡ ಕಲ್ಲು ಒಂದು ಕಡೆ, ಸಣ್ಣದು ಒಂದು ಕಡೆ, ಚೂರಿನ ರಾಶಿ ಬೇರೆ. ಮಧ್ಯಾಹ್ನದವರೆಗೆ ಇದೇ ಆಯ್ತು.

ಕಟ್ಟುವಾಗ ಮಾತ್ರ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಕಲ್ಲನ್ನು ಎರಡು ಸಲ ತಿರುಗಿಸಿ ನೋಡುತ್ತಾರೆ. ಉದ್ದನೆಯ ಬದಿ ಒಳಕ್ಕೆ, ಗಿಡ್ಡ ಮುಖ ಹೊರಕ್ಕೆ. ಇಟ್ಟ ಮೇಲೆ ಅಂಗೈಯಲ್ಲಿ ಒತ್ತುತ್ತಾರೆ. ಟಕ್ ಅಂತ ಅಲುಗಿದರೆ ಒಳಗಿನಿಂದ ಒಂದು ಚಕ್ಕೆ ತುರುಕಿ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟುತ್ತಾರೆ. ಹೊರಗಿನಿಂದ ತುರುಕಿದ ಚಕ್ಕೆ ಒಂದಲ್ಲ ಒಂದು ದಿನ ಉದುರುತ್ತದೆ. ಗೋಡೆಯ ಎರಡು ಮುಖಗಳ ನಡುವೆ ತುಂಬುವುದೂ ಚೂರುಕಲ್ಲೇ. ಮಣ್ಣು ತುಂಬಿದರೆ ಮಳೆಗೆ ತೊಳೆದು ಹೋಗಿ ಒಳಗೆ ಟೊಳ್ಳಾಗುತ್ತದೆ. ಕೆಳಗಿನ ಸಂದಿ ಮೇಲಿನ ಕಲ್ಲಿನಡಿ ಮುಚ್ಚಿಹೋಗಬೇಕು. ಅಲ್ಲಲ್ಲಿ ಈಚೆಯಿಂದ ಆಚೆವರೆಗೆ ಮುಟ್ಟುವ ಉದ್ದ ಕಲ್ಲೂ ಬೇಕು.

"ಅದಿಲ್ದಿದ್ರೆ ಎರಡು ಗೋಡೆ ಬೆನ್ನಿಗೆ ಬೆನ್ನು ಹಾಕಿ ನಿಂತಂಗೆ ಮಾರಾಯ್ರೆ, ಯಾವಾಗ ಬೇಕಾದ್ರೂ ಬೇರೆ ಆಗ್ತವೆ."

ಸಂಜೆ ತಮ್ಮ ಬಂದು, "ಸ್ವಲ್ಪ ಸಿಮೆಂಟ್ ಹಾಕಿಸಿದ್ರೆ ಗಟ್ಟಿ ಅಲ್ವಾ?" ಅಂದ. ಗಟ್ಟಿಯೇನೋ ಹೌದು. ಆದರೆ ನಮ್ಮ ಪಾಗಾರದ ಹಿಂದೆ ಇರುವುದು ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಇಲ್ಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗಿಂತ ಜಾಸ್ತಿ ಮಳೆ. ಧರೆಯಲ್ಲಿ ಇಳಿದ ನೀರಿಗೆ ದಾರಿ ಬೇಡವೇ? ಬರೀ ಕಲ್ಲಿನದಾದರೆ ಪ್ರತಿ ಸಂದಿಯಲ್ಲೂ ಜಿನುಗಿ ಹೋಗುತ್ತದೆ. ಸಿಮೆಂಟ್ ಮೆತ್ತಿ ತೂತು ಬಿಡದಿದ್ದರೆ ನೀರೆಲ್ಲ ಹಿಂದೆ ನಿಂತು ಗೋಡೆಯನ್ನೇ ತಳ್ಳುತ್ತದೆ. ಕವಲೇದುರ್ಗದಲ್ಲಿ ಕೆಳದಿ ಅರಸರ ಕಾಲದ ಕೋಟೆ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

2018ರಲ್ಲಿ ಯುನೆಸ್ಕೊ ಬರೀ ಕಲ್ಲಲ್ಲಿ ಗೋಡೆ ಕಟ್ಟುವ ಇದೇ ವಿದ್ಯೆಯನ್ನು ತನ್ನ ಪರಂಪರೆ ಪಟ್ಟಿಗೆ ಸೇರಿಸಿತು. ಇಟಲಿ, ಸ್ಪೇನ್, ಗ್ರೀಸ್ ಸೇರಿ 8 ದೇಶಗಳ ಹೆಸರಲ್ಲಿ. ಕಾಫಿ ಕುಡಿಯುವಾಗ ಅಜ್ಜನಿಗೆ ಹೇಳಿದೆ.

"ಹೌದಾ? ಅಲ್ಲಿ ಕೂಲಿ ಎಷ್ಟಂತೆ?" ಅಂದರು.

ಮೇಲಿನ ಸಾಲಿಗೆ ಭಾರದ ಕಲ್ಲು ಸಾಲುವುದಿಲ್ಲ. ಹಳೇ ಕೊಟ್ಟಿಗೆಯ ಬುಡದಲ್ಲಿ ಒಂದಿಷ್ಟು ಬಿದ್ದಿವೆ. ನಾಳೆ ಬೆಳಿಗ್ಗೆ ಪಿಕಪ್ ಬರಲು ಹೇಳಿದ್ದೇನೆ.