ಕ್ರೂಸರ್ ಸೈಕಲ್ಲಿಗೆ ಬಲೂನ್ ಟಯರ್ ಆರಿಸುವಾಗ

ಹಳೆಯ ಅಮೆರಿಕನ್ ಮಾದರಿಯ ಕ್ರೂಸರ್ ಸೈಕಲ್ಲಿಗೆ ಟಯರ್ ಹುಡುಕುವವರು ಸಾಮಾನ್ಯವಾಗಿ ಬಣ್ಣಕ್ಕೆ ಮರುಳಾಗುತ್ತಾರೆ. ನಾನಾದರೋ ಮೊದಲು ರಿಮ್ಮಿನ ಅಳತೆ ನೋಡಿಕೊಳ್ಳಿ ಎನ್ನುತ್ತೇನೆ. ಷಿಕಾಗೋದ ಶ್ವಿನ್ ಕಂಪನಿ 1933ರಲ್ಲಿ ಮಾರುಕಟ್ಟೆಗೆ ತಂದ 2.125 ಇಂಚು ಅಗಲದ, ಉಬ್ಬಿದ ಬಲೂನ್ ಟಯರಿನಿಂದಲೇ ಈ ಸೈಕಲ್ಲುಗಳಿಗೆ ಆ ಮೈತುಂಬಿದ ರೂಪ ಬಂದದ್ದು. 26 ಇಂಚಿನ ಆ ಟಯರ್ ಕೂರುವುದು 559 ಮಿಲಿಮೀಟರ್ ರಿಮ್ಮಿನ ಮೇಲೆ. ಅದೇ ಕಂಪನಿಯ ಮಧ್ಯಮ ತೂಕದ ಸೈಕಲ್ಲುಗಳ 1¾ ಇಂಚಿನ ಟಯರಿಗೆ ಬೇಕಾದದ್ದು 571 ಮಿಲಿಮೀಟರ್ ರಿಮ್ಮು. ಲೆಕ್ಕದಲ್ಲಿ 1¾ ಮತ್ತು 1.75 ಒಂದೇ ಆದರೂ, 26 × 1.75 ಎಂದು ಬರೆದಿರುವ ಟಯರ್ 559ರ ರಿಮ್ಮಿನದು, ಅದನ್ನು ಕೊಂಡು ತಂದರೆ 571ರ ರಿಮ್ಮಿಗೆ ಏರುವುದೇ ಇಲ್ಲ. ಆದ್ದರಿಂದ ಟಯರಿನ ಪಕ್ಕದಲ್ಲಿ 57-559 ಎಂಬಂತೆ (ಮಿಲಿಮೀಟರಿನಲ್ಲಿ ಮೊದಲು ಟಯರಿನ ಅಗಲ, ಆಮೇಲೆ ರಿಮ್ಮಿನ ಅಳತೆ) ಅಚ್ಚೊತ್ತಿರುವ ಸಂಖ್ಯೆಯನ್ನಷ್ಟೇ ನಂಬಬೇಕು.

ನಾನು ಆರಿಸಿಕೊಂಡದ್ದು ಕೆನೆಬಣ್ಣದ, 2.35 ಇಂಚಿನ, ಶ್ವಾಲ್ಬೆ ಕಂಪನಿಯ ಫ್ಯಾಟ್ ಫ್ರಾಂಕ್ ಟಯರ್. ಇಷ್ಟು ಅಗಲದ ಟಯರಿಗೆ ಚೈನ್ ಕಡೆಯಲ್ಲೂ ಮಡ್‌ಗಾರ್ಡಿನ ಒಳಗೂ ಜಾಗವಿದೆಯೇ ಎಂಬುದನ್ನು ಕೊಳ್ಳುವ ಮುಂಚೆಯೇ ಅಳೆದು ನೋಡಬೇಕು. ಗಾಳಿಯ ಒತ್ತಡವನ್ನು 30 ಪಿಎಸ್ಐ ಆಸುಪಾಸಿನಲ್ಲಿ ಇಟ್ಟರೆ ರಸ್ತೆಯ ಕುಲುಕಾಟವನ್ನು ಟಯರೇ ನುಂಗಿಕೊಳ್ಳುತ್ತದೆ. ಕಲ್ಲಿನಂತೆ ಗಟ್ಟಿಯಾಗುವಷ್ಟು ತುಂಬುವವರು ಬಲೂನ್ ಟಯರಿಗೆ ದುಡ್ಡು ಸುರಿಯುವುದೇಕೋ ತಿಳಿಯದು. ಏರುದಾರಿಯಲ್ಲಿ ಇದರ ಭಾರ ಕಾಲಿಗೆ ತಿಳಿಯುತ್ತದೆ, ನಿಜ, ಆದರೆ ಕ್ರೂಸರ್ ಇರುವುದೇ ಸಮತಟ್ಟಾದ ಕಡಲದಂಡೆಯ ದಾರಿಗೆ. ಇನ್ನು ಕೆನೆಬಣ್ಣ ಬೇಗ ಕೊಳೆಯಾಗುತ್ತದೆ. ಹಿಂದಕ್ಕೆ ಪೆಡಲ್ ತುಳಿದು ಹಿಡಿಯುವ ಕೋಸ್ಟರ್ ಬ್ರೇಕ್ ಇದ್ದರೆ ರಬ್ಬರ್ ಬ್ರೇಕಿನ ಕರಿಪುಡಿಯ ಕಾಟವಾದರೂ ತಪ್ಪುತ್ತದೆ.