ಹಳೇ ಆಂಪ್ಲಿಫೈಯರ್‌ಗೆ ಯಾವ ಹೆಡ್‌ಫೋನ್ ತಗೊಳ್ಳಲಿ?

"ಮನೇಲಿ ಅಪ್ಪನ ಕಾಲದ ಆಂಪ್ಲಿಫೈಯರ್ ಇದೆ. ಅದಕ್ಕೆ ಹಾಕಿ ಕೇಳೋಕೆ ಕಡಿಮೆ ಬೆಲೆಯ ಒಳ್ಳೇ ಹೆಡ್‌ಫೋನ್ ಯಾವುದು?" ಚಿಕ್ಕಮಗಳೂರಿನಲ್ಲಿ ಸಂಗೀತದ ಹುಚ್ಚಿರುವ ಯಾರು ಸಿಕ್ಕರೂ ನನ್ನನ್ನು ಇದನ್ನೇ ಕೇಳುತ್ತಾರೆ. ನಾನು ಮೊದಲು ಆ ಆಂಪಿನ ಫೋಟೋ ಕಳಿಸಿ ಅನ್ನುತ್ತೇನೆ. ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಹಳೆಯ ಸ್ಟೀರಿಯೋ ಆಂಪ್‌ಗಳಲ್ಲಿ ಹೆಡ್‌ಫೋನಿಗೆಂದೇ ಬೇರೆ ಸರ್ಕ್ಯೂಟ್ ಇರುವುದು ಅಪರೂಪ. ಸ್ಪೀಕರಿಗೆ ಹೋಗುವ ಸಿಗ್ನಲನ್ನೇ ಒಂದು ರೆಸಿಸ್ಟರ್ (ವಿದ್ಯುತ್ತಿನ ಹರಿವಿಗೆ ತಡೆ ಒಡ್ಡುವ ಬಿಡಿಭಾಗ) ದಾಟಿಸಿ ಜಾಕಿಗೆ ಕೊಟ್ಟಿರುತ್ತಾರೆ. ಎಷ್ಟೋ ಸೆಟ್‌ಗಳಲ್ಲಿ ಆ ರೆಸಿಸ್ಟರ್ 100 ಓಮ್‌ಗೂ ಹೆಚ್ಚು. ಓಮ್ ಅಂದರೆ ಆ ತಡೆಯ ಅಳತೆ, ಹೆಡ್‌ಫೋನಿಗೂ ಅದು ಇರುತ್ತದೆ. ಅಂಗಡಿಯಲ್ಲಿ ಸಿಗುವ ಅಗ್ಗದ ಹೆಡ್‌ಫೋನ್‌ಗಳೋ, ಮೊಬೈಲನ್ನು ಮನಸ್ಸಿನಲ್ಲಿಟ್ಟು ಮಾಡಿದ 32 ಓಮಿನವು. ಡಬ್ಬದ ಮೇಲೆ 32 ಅಂತಿದ್ದರೂ ಅನೇಕ ಹೆಡ್‌ಫೋನ್‌ಗಳಲ್ಲಿ ಬಾಸ್, ಅಂದರೆ ತಗ್ಗಿನ ಸ್ವರ, ಇರುವ ಕಡೆ ಅದು ಏರುತ್ತದೆ. ಅಲ್ಲಿ 60 ಓಮ್ ಆಯಿತೆನ್ನಿ, ಆಂಪ್ ಒಳಗಿನ ರೆಸಿಸ್ಟರ್ 120 ಎನ್ನಿ. ಆಗ ಅಷ್ಟು ಭಾಗದ ಸದ್ದು ಉಳಿದದ್ದಕ್ಕಿಂತ ಸುಮಾರು 4 ಡೆಸಿಬೆಲ್ ಮೇಲೇಳುತ್ತದೆ. ವೀಣೆ ಕಚೇರಿಯ ರೆಕಾರ್ಡಿಂಗ್ ಹಾಕಿದರೆ ತಕ್ಷಣ ಗೊತ್ತಾಗುತ್ತದೆ: ಮೃದಂಗದ ಎಡಗಡೆಯ ಗುಂಕಾರ ಊದಿಕೊಂಡು ಮಂದ್ರದ ತಂತಿಯನ್ನು ನುಂಗಿಹಾಕುತ್ತದೆ. ಹೆಡ್‌ಫೋನೇ ಸರಿಯಿಲ್ಲ ಅಂತ ಜನ ವಾಪಸ್ ಮಾಡುತ್ತಾರೆ. ಪಾಪ, ಅದನ್ನೇ ಬೇರೆ ಕಡೆ ಹಾಕಿದ್ದರೆ ಚೆನ್ನಾಗಿಯೇ ನುಡಿಯುತ್ತಿತ್ತು.

ಹೆಡ್‌ಫೋನಿನ ಓಮ್ ಹೆಚ್ಚಿದ್ದಷ್ಟೂ ಈ ಏರುಪೇರು ಕಡಿಮೆ. ಹಾಗಾಗಿ ಹಳೇ ಆಂಪ್ ಇದ್ದವರಿಗೆ ಹೆಚ್ಚು ಓಮಿನದ್ದನ್ನೇ ಹೇಳುತ್ತೇನೆ. ಬೇಯರ್‌ಡೈನಾಮಿಕ್ ಡಿಟಿ 770 ಪ್ರೋ, ಅದರಲ್ಲೂ 250 ಓಮಿನದ್ದು. ಅದೇ ಹೆಸರಲ್ಲಿ 80 ಓಮಿನದ್ದೂ ಬರುತ್ತದೆ, ಕೊಳ್ಳುವಾಗ ನೋಡಿಕೊಳ್ಳಿ. ಸಾವಿರಗಳ ಲೆಕ್ಕ, ನಿಜ. ಆದರೆ ಕಿವಿಯ ಮೆತ್ತೆ ಬದಲಿಸಿಕೊಂಡು ವರ್ಷಗಟ್ಟಲೆ ಬಳಸಬಹುದು. ಕೇಬಲ್ ಮಾತ್ರ ಬಿಚ್ಚಲು ಬರುವುದಿಲ್ಲ, ಎಳೆದಾಡಬೇಡಿ.

ಇದನ್ನು ಮುಂದಿಡಲು ನಮ್ಮ ಊರಿನ ಕಾರಣವೂ ಇದೆ. ಮೂಡಿಗೆರೆ, ಸಕಲೇಶಪುರದ ಕಡೆ ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಬೀಳುವಾಗ ಹಿಂಬದಿ ತೆರೆದ ಹೆಡ್‌ಫೋನಿನಲ್ಲಿ ತಂಬೂರಿ ಕೇಳಿಸುವುದೇ ಇಲ್ಲ. 770 ಮುಚ್ಚಿದ ಮಾದರಿ. ಜೊತೆಗೆ ಅದರ ಮೆತ್ತೆ ವೆಲ್ವೆಟಿನಂಥ ಬಟ್ಟೆಯದು. ರೆಕ್ಸಿನ್ ಮೆತ್ತೆಗಳು ಮಲೆನಾಡಿನ ಥಂಡಿಗೆ ಒಂದೆರಡು ಮಳೆಗಾಲದಲ್ಲಿ ಸಿಪ್ಪೆ ಏಳುತ್ತವೆ, ಕಪ್ಪು ಪುಡಿ ಕಿವಿಗೂ ಕೂದಲಿಗೂ ಅಂಟುತ್ತದೆ. ಬಟ್ಟೆಯದ್ದು ಬೂಷ್ಟು ಹಿಡಿಯದಂತೆ ಆಗಾಗ ಬಿಸಿಲಿಗಿಟ್ಟರೆ ಸಾಕು.

ಮನೆ ಹಾಸನದ ಪೇಟೆಯಲ್ಲಿದ್ದು ರಾತ್ರಿ ನಿಶ್ಶಬ್ದ ಸಿಗುತ್ತದೆ ಅನ್ನುವವರು ಹಿಂಬದಿ ತೆರೆದ ಹೈಫೈಮ್ಯಾನ್ ಎಚ್‌ಇ400ಎಸ್‌ಇ ನೋಡಬಹುದು. 25 ಓಮ್ ಅಂತ ಹೆದರಬೇಡಿ. ಅದು ಪ್ಲೇನರ್ ಜಾತಿಯದ್ದು (ಚಪ್ಪಟೆಯ ತೆಳು ಪೊರೆ ಇಡಿಯಾಗಿ ಕಂಪಿಸಿ ನುಡಿಯುವಂಥದ್ದು), ಓಮ್ ಎಲ್ಲ ಸ್ವರಕ್ಕೂ ಹೆಚ್ಚುಕಡಿಮೆ ಒಂದೇ. ರೆಸಿಸ್ಟರ್ ಸದ್ದನ್ನು ತಗ್ಗಿಸುತ್ತದೆ, ನಾದವನ್ನು ಕೆಡಿಸುವುದಿಲ್ಲ. ಮೊಬೈಲಿನಲ್ಲಿ ಮಂಕಾಗುವ ಈ ಹೆಡ್‌ಫೋನ್ ಹಳೇ ಆಂಪಿನ ಬಲದಲ್ಲಿ ತೆರೆದುಕೊಳ್ಳುವುದು ಕೇಳಬೇಕು!

ಇಷ್ಟು ಬಜೆಟ್ ಇಲ್ಲದಿದ್ದರೆ 1984ರಿಂದ ಬರುತ್ತಿರುವ ಕಾಸ್ ಪೋರ್ಟಾ ಪ್ರೋ ಇದೆ, 60 ಓಮ್. ಹೊಸ ಪುಟ್ಟ ಹೆಡ್‌ಫೋನ್ ಆಂಪ್ ಕೊಂಡವರಿಗೆ ಈ ತಲೆನೋವು ಕಡಿಮೆ. ಅವುಗಳ ಔಟ್‌ಪುಟ್ ಇಂಪೆಡೆನ್ಸ್ (ಜಾಕಿನ ಕಡೆಯ ತಡೆ) ಸಾಮಾನ್ಯವಾಗಿ ಒಂದೆರಡು ಓಮ್ ಮಾತ್ರ. ಹೆಡ್‌ಫೋನಿನ ಓಮ್ ಅದರ ಎಂಟು ಪಟ್ಟಾದರೂ ಇದ್ದರೆ ಆಯಿತು, 32 ಓಮಿನದ್ದೂ ನಡೆಯುತ್ತದೆ.

ಹಳೇ ಆಂಪಿನದು 6.35 ಮಿ.ಮೀ. ದಪ್ಪ ಜಾಕ್, ಅಡಾಪ್ಟರ್ ಬೇಕಾದೀತು. ಪಿನ್ ಹಾಕುವ ಮುಂಚೆ ವಾಲ್ಯೂಮ್ ಪೂರ್ತಿ ಸೊನ್ನೆಗೆ ತನ್ನಿ, ಹೆಡ್‌ಫೋನ್ ತಲೆಗೇರಿಸಿದ ಮೇಲೆ ನಿಧಾನಕ್ಕೆ ತಿರುಗಿಸಿ. ಸ್ಪೀಕರ್ ಓಡಿಸುವ ಯಂತ್ರ ಅದು, ಕಿವಿಗೆ ಪೆಟ್ಟಾಗಲು ಅರೆಗಳಿಗೆ ಸಾಕು.